ಗೂಡು ಒಂದು, ಸ್ವಭಾವ ಹಲವು



ಒಂದು ಗೂಡಿನ ಕೆಲಸಗಾರ ಹುಳುಗಳೆಲ್ಲ ಒಂದೇ ಅಚ್ಚಿನವು ಎಂಬ ಭಾವನೆ ವ್ಯಾಪಕವಾಗಿದೆ. ಹತ್ತಿರದಿಂದ ನೋಡಿದವರಿಗೆ ಕಂಡದ್ದು ಬೇರೆ.

1980ರ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಮತ್ತು ಸಂಗಡಿಗರು ರೊಪಾಲಿಡಿಯಾ ಮಾರ್ಜಿನೇಟ ಎಂಬ ಕಣಜವನ್ನು ಅಭ್ಯಾಸಕ್ಕೆ ಆರಿಸಿಕೊಂಡರು. ಕಾಗದದಂಥ ಗೂಡು ಕಟ್ಟುವ ಕಣಜವಿದು. ಪ್ರತಿಯೊಂದರ ಮೈಮೇಲೂ ಬಣ್ಣದ ಚುಕ್ಕೆಯಿಟ್ಟು, ಯಾವುದು ಎಷ್ಟು ಹೊತ್ತು ಏನು ಮಾಡುತ್ತದೆಂದು ಬರೆದುಕೊಂಡರು. ಲೆಕ್ಕ ಹಾಕಿದಾಗ ಮೂರು ಗುಂಪುಗಳು ತೋರಿದವು: ಹೆಚ್ಚು ಕಾಲ ಸುಮ್ಮನೆ ಕುಳಿತಿರುವವು, ಕಾದಾಡುವವು, ಆಹಾರ ತರುವವು. ರಾಣಿ ಇದ್ದದ್ದು ಕಾದಾಡುವವುಗಳಲ್ಲಿ ಅಲ್ಲ, ಕುಳಿತಿರುವವುಗಳಲ್ಲಿ!

ಇಂಥ ಭೇದದಿಂದ ಗೂಡಿಗೇನು ಲಾಭ? ಜೇನಿನಲ್ಲಿ ಅದು ಸ್ಪಷ್ಟವಾಗಿದೆ. ಎಳೆಯ ನೊಣಗಳು ಒಳಗೆ ಮರಿ ಸಾಕುತ್ತವೆ, ಬಲಿತವು ಹೊರಗೆ ಹೂವಿಗೆ ಹೋಗುತ್ತವೆ. ಒಂದೇ ವಯಸ್ಸಿನವುಗಳಲ್ಲಿಯೂ ಸ್ವಭಾವ ಭಿನ್ನ. ಮರಿಗಳಿರುವ ಎರಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅದು ಮೀರಿದರೆ ನೊಣಗಳು ರೆಕ್ಕೆ ಬೀಸಿ ಗಾಳಿಯಾಡಿಸುತ್ತವೆ. ಕೆಲವು ತುಸು ಸೆಕೆಗೇ ಬೀಸತೊಡಗುತ್ತವೆ. ಕೆಲವು ಕಾವು ಮತ್ತಷ್ಟು ಏರುವವರೆಗೆ ಸುಮ್ಮನಿರುತ್ತವೆ. ಎಲ್ಲವೂ ಒಮ್ಮೆಲೇ ಬೀಸಿ ಒಮ್ಮೆಲೇ ನಿಲ್ಲಿಸಿದರೆ ಗೂಡು ಒಮ್ಮೆ ತೀರ ತಂಪು, ಒಮ್ಮೆ ತೀರ ಬಿಸಿ.

ಈ ಭೇದಕ್ಕೆ ಒಂದು ಕಾರಣ ತಂದೆಯರು. ಜೇನುರಾಣಿ ಹಾರಾಟದ ವೇಳೆ ಹತ್ತಕ್ಕೂ ಮಿಕ್ಕಿದ ಗಂಡುನೊಣಗಳನ್ನು ಕೂಡುವುದು ಸಾಮಾನ್ಯ. ಆಸ್ಟ್ರೇಲಿಯಾದ ವಿಜ್ಞಾನಿಗಳು ಯುರೋಪಿಯನ್ ಜೇನಿನಲ್ಲಿ ಒಂದೇ ತಂದೆಯ ಕುಟುಂಬಗಳನ್ನೂ ಹಲವು ತಂದೆಯರ ಕುಟುಂಬಗಳನ್ನೂ ಹೋಲಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಲವು ತಂದೆಯರ ಗೂಡಿನ ಶಾಖವೇ ಹೆಚ್ಚು ಸ್ಥಿರವಾಗಿತ್ತು.

ಮಲೆನಾಡಿನ ತುಡುವೆಯ ರಾಣಿಯೂ ಹಲವು ಗಂಡುಗಳನ್ನು ಕೂಡುತ್ತದೆ. ಆ ಗಂಡುಗಳು ಪೆಟ್ಟಿಗೆಗಳಿಂದ ಮಾತ್ರವಲ್ಲ, ಸುತ್ತಲಿನ ಮರದ ಪೊಟರೆ, ಹುತ್ತ, ಕಲ್ಲುಸಂದಿಗಳ ಕುಟುಂಬಗಳಿಂದಲೂ ಬರುತ್ತವೆ. ಒಂದೇ ಕುಟುಂಬವನ್ನು ಪಾಲು ಮಾಡುತ್ತ ಪೆಟ್ಟಿಗೆ ಹೆಚ್ಚಿಸಿ, ಕಾಡಿನ ಗೂಡುಗಳನ್ನು ಅಳಿಯಗೊಟ್ಟರೆ ತಂದೆಯರ ವೈವಿಧ್ಯ ಕುಗ್ಗುತ್ತದೆ. ಪೆಟ್ಟಿಗೆ ತುಂಬಿದ್ದರೂ ಕುಟುಂಬ ಬಡವಾಗುತ್ತದೆ.

ಆದ್ದರಿಂದ ಪೊಟರೆಯುಳ್ಳ ಹಳೆಯ ಮರ ಸೌದೆಗೆ ಮಾತ್ರ ಲಾಯಕ್ಕೆಂದು ಕೊಡಲಿ ಎತ್ತುವ ಮುನ್ನ ಒಳಗೆ ಯಾರಿದ್ದಾರೆಂದು ನೋಡುವುದು ಒಳಿತು. ಜೇನು ಕೀಳುವಾಗ ಬೆಂಕಿ ಹಿಡಿಯದೆ, ಮರಿ ಎರಿ ಉಳಿಸಿ, ತುಪ್ಪದ ಎರಿಯಷ್ಟನ್ನೇ ತೆಗೆದರೆ ಆ ಕುಟುಂಬ ಬದುಕೀತು. ಅದರ ಗಂಡುನೊಣಗಳು ಊರಿನ ಪೆಟ್ಟಿಗೆಗಳಿಗೂ ಬಲ ತಂದಾವು.