ಗೆಳೆಯರ ಮನೆಯ ಮಗು

ಸ್ವಲೀನತೆ, ಅಂದರೆ ಆಟಿಸಂ, ಮೆದುಳಿನ ಬೆಳವಣಿಗೆಯಲ್ಲಿನ ಭಿನ್ನತೆಯಾಗಿದ್ದು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಸೇರಿದೆ. ಸ್ವಲೀನತೆ ಇರುವ ಕೆಲವು ಮಕ್ಕಳಿಗೆ ಮೂತ್ರಕೋಶ ತುಂಬಿದ ಸೂಚನೆ ತಡವಾಗಿ ತಿಳಿಯುವುದರಿಂದ, ಆರೇಳು ವರ್ಷವಾದರೂ ಶೌಚದ ರೂಢಿ ಕೂಡಿಬರದಿದ್ದರೆ ಅದು ತಂದೆತಾಯಿಯ ಅಲಕ್ಷ್ಯವೂ ಅಲ್ಲ, ಮಗುವಿನ ಹಟವೂ ಅಲ್ಲ. ಯಾದಗಿರಿ ಬಳಿಯ ರಾಮಸಮುದ್ರದಂತಹ ಊರಿನಲ್ಲಿ, ಅಂಗಳದ ಮೂಲೆಯ ಇಕ್ಕಟ್ಟಾದ ಶೌಚಾಲಯದ ತಗಡಿನ ಬಾಗಿಲು ಕಿರುಗುಟ್ಟುವ ಸದ್ದು, ಒಳಗಿನ ಕತ್ತಲೆ, ಫಿನಾಯಿಲಿನ ಘಾಟು, ಬಕೆಟ್ಟಿಗೆ ಬೀಳುವ ನೀರಿನ ಅಬ್ಬರ ಇವೆಲ್ಲ ಸೇರಿ ಮಗುವನ್ನು ಹೊಸ್ತಿಲಲ್ಲೇ ತಡೆಯಬಲ್ಲವು. ಮಲಬದ್ಧತೆ, ಅಂದರೆ ಮಲ ಗಟ್ಟಿಯಾಗಿ ನೋವು ಕೊಡುವ ಸ್ಥಿತಿ, ಇದ್ದರೆ ಮೊದಲು ಅದನ್ನು ವೈದ್ಯರಿಗೆ ತೋರಿಸಬೇಕಾಗುತ್ತದೆ.

ತಮ್ಮ ಮಗು ಎರಡು ವರ್ಷಕ್ಕೇ ಕಲಿತಿತ್ತು ಎಂಬ ಗೆಳೆಯರ ಮಾತು, ಸದುದ್ದೇಶದ್ದೇ ಇರಲಿ, ಇಂತಹ ಮಗುವಿನ ತಾಯಿಯನ್ನು ಜಾತ್ರೆ, ಮದುವೆಗಳಿಂದ ದೂರ ಸರಿಸುತ್ತದೆಯೇ ಹೊರತು ಮಗುವಿಗೆ ಏನನ್ನೂ ಕಲಿಸುವುದಿಲ್ಲ. ಮನೆಗೆ ಕರೆದಾಗ ಮೊದಲೇ ಶೌಚಾಲಯ ತೋರಿಸಿ, ದೀಪ ಹಚ್ಚಿಟ್ಟು, ಚಡ್ಡಿ ಒದ್ದೆಯಾದರೆ ಸದ್ದಿಲ್ಲದೆ ನೆಲ ಒರೆಸುವ ಗೆಳೆತನ ಅದಕ್ಕಿಂತ ಬಹಳ ಮೇಲು. ಚಡ್ಡಿ ಬಿಚ್ಚುವುದರಿಂದ ಕೈ ತೊಳೆಯುವವರೆಗಿನ ಹಂತಗಳ ಚಿತ್ರಗಳನ್ನು ಕ್ರಮವಾಗಿ ಗೋಡೆಗೆ ಅಂಟಿಸುವ ಪದ್ಧತಿಯನ್ನು ತಂದೆತಾಯಿ ಅನುಸರಿಸುತ್ತಿದ್ದರೆ, ಅವೇ ಚಿತ್ರಗಳ ಒಂದು ಪ್ರತಿಯನ್ನು ಗೆಳೆಯರೂ ತಮ್ಮ ಮನೆಯಲ್ಲಿ ಅಂಟಿಸಿಕೊಳ್ಳಬಹುದು. ಅಂಗವೈಕಲ್ಯ ಪ್ರಮಾಣಪತ್ರಕ್ಕಾಗಿ ತಂದೆತಾಯಿ ಮಗುವಿನೊಂದಿಗೆ ಯಾದಗಿರಿಗೆ ಹೋಗುವ ದಿನ ಇನ್ನೊಂದು ಜೊತೆ ಬಟ್ಟೆಯ ಚೀಲ ಹಿಡಿದು ಅವರೊಡನೆ ಬಸ್ಸು ಹತ್ತಬಹುದು.