ಜ್ವರಕ್ಕೆ ಕೂತ ಜೇಡ



ಕಳೆದ ಬಾರಿ ವಲಸೆ ಕಾನೂನಿನ ಚರ್ಚೆ ನಡೆದ ಇದೇ ಕೋಣೆಯಲ್ಲಿ ಇಂದು ಜೇಡದ ಮರಿಗಳ ಬಗ್ಗೆ ಮಾತಾಡಲು ನಿಂತಿದ್ದೇನೆ. ನಗುವವರು ನಗಬಹುದು. ಆದರೆ ಕನ್ನಡದಲ್ಲಿ ಜೇಡನೆಂದರೆ ನೇಕಾರನೂ ಹೌದು. ಜೇಡರ ದಾಸಿಮಯ್ಯನ ಹೆಸರೇ ಅದಕ್ಕೆ ಸಾಕ್ಷಿ. ಹಾಗಾಗಿ ವಿಷಯ ಈ ಸಭೆಗೆ ತೀರಾ ಹೊರಗಿನದೇನಲ್ಲ.

ಎರಡು ವರ್ಷಗಳ ಹಿಂದೆ ಫ್ರೀಮಾಂಟಿನ ನಮ್ಮ ಮನೆಗೆ ಎರಡು ಟರಾಂಟುಲಾ ಮರಿಗಳು ಬಂದವು. ಹಟ ಮಗಳದು, ಹಣ ನನ್ನದು. ಡಬ್ಬಿಯ ಚೀಟಿಯ ಮೇಲೆ ‘ಗೂಟಿ ಸಫೈರ್’ ಎಂದಿತ್ತು. ಈ ಗೂಟಿ ಯಾವ ದೇಶದಲ್ಲಿದೆ ಎಂದು ಹುಡುಕಿ ನೋಡಿ ನಾಚಿದೆ. ಅದು ನಮ್ಮ ಗುತ್ತಿ. ಬಳ್ಳಾರಿಯಿಂದ ಹೊರಟು ಗುಂತಕಲ್ಲು ದಾಟಿದರೆ ಸಿಗುವ, ಅನಂತಪುರ ಜಿಲ್ಲೆಯ ಊರು. ಅಲ್ಲಿನ ರೈಲ್ವೆ ಮರದ ಡಿಪೋದಲ್ಲಿ ಸಿಕ್ಕ ಜೇಡಕ್ಕೆ ಪೊಕಾಕ್ ಎಂಬ ಇಂಗ್ಲಿಷ್ ವಿಜ್ಞಾನಿ 1899ರಲ್ಲಿ ‘ಪೊಯಿಸಿಲೊಥೀರಿಯಾ ಮೆಟಾಲಿಕಾ’ ಎಂದು ಹೆಸರಿಟ್ಟ. ಆಮೇಲೆ ನೂರು ವರ್ಷ ಅದರ ಸುಳಿವಿಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರುಗಳ ನಡುವಿನ ಕಾಡಿನಲ್ಲಿ ಮತ್ತೆ ಸಿಕ್ಕಿತು. ಮರದ ಪೊಟರೆಯೇ ಅದರ ಮನೆ. ಗುತ್ತಿಗೆ ಅದು ಬಹುಶಃ ಮರದ ದಿಮ್ಮಿಗಳೊಡನೆ ರೈಲಿನಲ್ಲಿ ಬಂದಿರಬೇಕು. ಅಂದರೆ ಹೆಸರು ಕೊಟ್ಟ ಊರಿಗೂ ಅದು ವಲಸಿಗನೇ. ಐಯುಸಿಎನ್ 2008ರಲ್ಲಿ ಇದನ್ನು ತೀವ್ರ ಅಳಿವಿನಂಚಿನ ಪ್ರಾಣಿಯೆಂದು ಗುರುತಿಸಿತು. ನೂರು ಚದರ ಕಿಲೋಮೀಟರಿಗಿಂತ ಕಡಿಮೆ ಕಾಡು, ಅದರಲ್ಲೂ ಸೌದೆಗೆ ಉರುಳುವ ಮರಗಳು. ಇಲ್ಲಿ ಮಾತ್ರ ಹಣ ಕೊಟ್ಟ ಯಾರ ಮನೆಯಲ್ಲಾದರೂ ಸಿಗುತ್ತದೆ. ನಮ್ಮವು ಇಲ್ಲೇ ಹುಟ್ಟಿದ ಮರಿಗಳೆಂದು ಮಾರಿದವರು ಹೇಳಿದರು. ನಂಬಿದೆ. ಅವಕ್ಕೆ ಎಚ್-1ಬಿ ತೊಂದರೆಯಿಲ್ಲ.

ಬಂದಾಗ ಒಂದೊಂದರ ದೇಹವೂ ಹೆಸರುಕಾಳಿನಷ್ಟಿತ್ತು. ರೆಕ್ಕೆಯಿಲ್ಲದ ಹಣ್ಣಿನ ನೊಣಗಳನ್ನು ಹಾಕಿದರೆ ಎಗರಿ ಹಿಡಿಯುತ್ತಿದ್ದವು. ಮೂರನೆಯ ವಾರ ಎರಡೂ ಊಟ ಬಿಟ್ಟವು. ತೊಗಟೆಯ ಹಿಂದೆ ಮಣ್ಣು ಮತ್ತು ನೂಲು ಸೇರಿಸಿ ಗೂಡು ಕಟ್ಟಿಕೊಂಡು, ಬಾಗಿಲನ್ನೂ ಮುಚ್ಚಿಕೊಂಡವು. ಒಂದು ವಾರವಾಯಿತು, ಎರಡಾಯಿತು. ಊಟ ಬಿಟ್ಟ ಮಗುವಿನ ಹಿಂದೆ ತಟ್ಟೆ ಹಿಡಿದು ಅಂಗಳವೆಲ್ಲ ಸುತ್ತುವ ಮನೆಯಲ್ಲಿ ಬೆಳೆದವನು ನಾನು. ಸುಮ್ಮನಿರಲಾಗಲಿಲ್ಲ. ಮಗಳು ಬೇಡವೆಂದರೂ ಒಂದು ಗೂಡನ್ನು ಚಿಮ್ಮಟದಿಂದ ಬಿಡಿಸಿ, ಹಸಿದಿರಬಹುದೆಂದು ಜೀವಂತ ಮಿಡತೆಯೊಂದನ್ನು ಒಳಗೆ ಬಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಮರಿ ಅರ್ಧ ಹಳೆಯ ಚರ್ಮದಲ್ಲಿ, ಅರ್ಧ ಹೊರಗೆ. ಕಾಲುಗಳನ್ನು ಮಿಡತೆ ಕಡಿದಿತ್ತು.

ಅದಕ್ಕೆ ರೋಗವೇನೂ ಇರಲಿಲ್ಲ. ಅದು ಪೊರೆ ಕಳಚುತ್ತಿತ್ತು. ಹೊಟ್ಟೆ ಉಬ್ಬಿ, ಬಣ್ಣ ಕಪ್ಪಿಟ್ಟು ಹೊಳೆಯುತ್ತಿದ್ದರೆ ಊಟ ಬಿಡುವುದು ಆ ಕೆಲಸದ ಮೊದಲ ಹಂತ. ಬೆನ್ನ ಮೇಲೆ ಮಲಗಿ ಹಳೆಯ ಚರ್ಮದಿಂದ ಹೊರಬರುವ ಗಳಿಗೆಯಲ್ಲಿ ಟರಾಂಟುಲಾದಷ್ಟು ಅಸಹಾಯಕ ಜೀವಿ ಇನ್ನೊಂದಿಲ್ಲ. ಹಲ್ಲೂ ಮೆತ್ತಗೆ, ಬಿಳಿ. ಅದು ಕಪ್ಪಾಗುವವರೆಗೆ, ಮರಿಗಳಿಗಾದರೆ ಸುಮಾರು ಒಂದು ವಾರ, ಆಹಾರ ಕೊಡಬಾರದು. ಭಯಪಡಬೇಕಾದ ಲಕ್ಷಣಗಳೇ ಬೇರೆ. ಹೊಟ್ಟೆ ಸುಕ್ಕುಗಟ್ಟಿದರೆ, ಕಾಲುಗಳು ದೇಹದಡಿ ಮುದುಡಿದರೆ ಅದು ನೀರಿನ ಕೊರತೆ. ತಕ್ಷಣ ನೀರು ಕೊಡಬೇಕು. ಉಳಿದಂತೆ ಮಣ್ಣಿನ ಒಂದು ಬದಿ ತೇವವಾಗಿದ್ದು, ತಿನ್ನದ ಹುಳುವನ್ನು ಅಂದೇ ಹೊರತೆಗೆದು, ದೀಪದ ಶಾಖ ತಾಗಿಸದೆ ಬಿಟ್ಟರೆ ಸಾಕು. ಕೈಯಲ್ಲಿ ಎತ್ತಿಕೊಳ್ಳುವ ಮಾತಂತೂ ಬೇಡ. ಈ ಕುಲದ ಜೇಡ ಕಚ್ಚಿದರೆ ತೀವ್ರ ನೋವು, ಸ್ನಾಯು ಸೆಳೆತ.

ಇದನ್ನೆಲ್ಲ ಓದುವಾಗ ನನಗೆ ನೆನಪಾದದ್ದು ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುತ್ತಿದ್ದ ನಮ್ಮಜ್ಜಿ. ಹುಳು ತಲೆಯೆತ್ತಿ ಅಲುಗಾಡದೆ ನಿಂತರೆ ‘ಜ್ವರಕ್ಕೆ ಕೂತಿದೆ’ ಎನ್ನುತ್ತಿದ್ದಳು. ಸೊಪ್ಪು ನಿಲ್ಲಿಸಿ, ಸುಣ್ಣದ ಪುಡಿ ಉದುರಿಸಿ, ಮಕ್ಕಳನ್ನು ಆ ಕೋಣೆಯಿಂದ ಓಡಿಸುತ್ತಿದ್ದಳು. ಒಂದನೇ ಜ್ವರ, ಎರಡನೇ ಜ್ವರ ಎಂದು ಎಣಿಸುತ್ತ ಬೆಳೆದ ನಾನು ಆ ರಾತ್ರಿ ಚಿಮ್ಮಟ ಹಿಡಿದೆ. ಓದು ಹೆಚ್ಚಾಗಿತ್ತು, ಅಷ್ಟೇ.

ಆ ಅಕ್ಟೋಬರಿನಲ್ಲಿ ಮಗಳು ನನ್ನನ್ನು ಮೌಂಟ್ ಡಯಾಬ್ಲೊಗೆ ಎಳೆದೊಯ್ದಳು. ಅಲ್ಲಿನ ಸ್ಥಳೀಯ ಟರಾಂಟುಲಾ ಗಂಡುಗಳು ಹೆಣ್ಣನ್ನರಸಿ ಸಂಜೆಯ ಹೊತ್ತು ದಾರಿ ದಾಟುವ ಕಾಲವದು. ಹೆಣ್ಣುಗಳು ಬಿಲದಲ್ಲೇ ಇಪ್ಪತ್ತು ವರ್ಷ ದಾಟಿ ಬದುಕಬಲ್ಲವು. ಚಳಿಗಾಲದಲ್ಲಿ ಬಿಲದ ಬಾಯಿ ಮುಚ್ಚಿ, ಉಣ್ಣದೆ ಕೂರುತ್ತವೆ. ಅವನ್ನು ನೋಡಿಕೊಳ್ಳಲು ಅಲ್ಲಿ ಯಾರೂ ಇಲ್ಲ.

ಉಳಿದ ಮರಿ ಮೂವತ್ತೆಂಟನೆಯ ದಿನ ಬಾಗಿಲು ತೆಗೆಯಿತು. ಹೊಸಿಲಲ್ಲಿ ಹಳೆಯ ಚರ್ಮ, ಎಂಟು ಕಾಲುಗಳ ಸಮೇತ. ಆಮೇಲೆ ಹಲವು ಸಲ ಪೊರೆ ಬಿಟ್ಟಿದೆ. ನೀಲಿ ಬಣ್ಣ ಈಗ ಸ್ಪಷ್ಟವಾಗಿದೆ. ಇದನ್ನು ಗುತ್ತಿಗೆ ವಾಪಸ್ ಕಳಿಸಬಹುದೇ ಎಂದು ಮಗಳು ಕೇಳಿದಳು. 2019ರಲ್ಲಿ ಜಿನೀವಾದ ಸೈಟಿಸ್ ಸಮ್ಮೇಳನ ಈ ಇಡೀ ಕುಲವನ್ನು ಎರಡನೇ ಅನುಬಂಧಕ್ಕೆ ಸೇರಿಸಿದೆ, ಅನುಮತಿಯಿಲ್ಲದೆ ಗಡಿ ದಾಟಿಸುವಂತಿಲ್ಲ ಎಂದೆ. ಅನುಮತಿ ಸಿಕ್ಕಿದರೂ ಡಬ್ಬಿಯಲ್ಲಿ ಬೆಳೆದದ್ದನ್ನು ಕಾಡಿಗೆ ಬಿಡುವುದು ಅಲ್ಲಿನ ಜೇಡಗಳಿಗೆ ಒಳ್ಳೆಯದಲ್ಲ ಎಂದೂ ಹೇಳಿದೆ. ಹಾಗಿದ್ದರೆ ಮೊದಲು ತಂದವರಿಗೆ ಅನುಮತಿ ಕೊಟ್ಟವರು ಯಾರು ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಹತ್ತು ದಿನಗಳಿಂದ ಅದು ಮತ್ತೆ ಬಾಗಿಲು ಮುಚ್ಚಿಕೊಂಡಿದೆ. ನೀರು ಚಿಮುಕಿಸಿ ಬಂದಿದ್ದೇನೆ. ಚಿಮ್ಮಟ ಮಗಳ ಬಳಿ ಇದೆ.