ಮೊಹರಿನ ಹಿಂದಿನ ಓದು
(ನೌಪಾಡಾದ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



ದಿನವಿಡೀ ಒಲೆಯ ಮುಂದೆ ಬೆಂದವರು, ಪಾಳಿ ಮುಗಿಸಿ ಬಂದವರು ಇಲ್ಲಿ ಕುಳಿತಿದ್ದೀರಿ. ಆದುದರಿಂದ ನೇರವಾಗಿ ವಿಷಯಕ್ಕೆ ಬರುತ್ತೇವೆ. ರೇಶನ್ ಕಾರ್ಡಿನಲ್ಲಿ ಹೆಸರು ತಪ್ಪಿದರೆ, ಊರಿನ ಗದ್ದೆಯ ಕೆಲಸಕ್ಕೆ ತಮ್ಮನಿಗೆ ಮುಖ್ತ್ಯಾರ ಪತ್ರ ಬರೆದುಕೊಡಬೇಕಾದರೆ, ನಾವು ಠಾಣೆ ಕೋರ್ಟಿನ ಬಳಿ ನೋಟರಿಯನ್ನು ಹುಡುಕಿಕೊಂಡು ಹೋಗುವುದುಂಟು. ಆ ದುಂಡು ಮೊಹರು ಬಿದ್ದರೆ ಕಾಗದಕ್ಕೆ ಜೀವ ಬಂತೆಂದೇ ನಮ್ಮ ಎಣಿಕೆ. ಅದನ್ನು ಒತ್ತುವವರ ಓದೆಷ್ಟು, ಅದರ ಬಲವೆಷ್ಟು ಎಂದು ನಾವು ಕೇಳಿದವರಲ್ಲ.

ನಮ್ಮ ದೇಶದ ನೋಟರಿ ಕಾಯಿದೆ 1952ರದು, ನಿಯಮಗಳು 1956ರವು. ಸಾಮಾನ್ಯವಾಗಿ 10 ವರ್ಷ ವಕೀಲಿ ಮಾಡಿದವರೇ ಅರ್ಜಿ ಹಾಕತಕ್ಕದ್ದು. ಮಹಿಳೆಯರಿಗೂ ಪರಿಶಿಷ್ಟರಿಗೂ ಹಿಂದುಳಿದ ವರ್ಗದವರಿಗೂ 7 ವರ್ಷ ಸಾಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದು ತಿರುವುಮುರುವು. ಅಲ್ಲಿ 18 ತುಂಬಿದ ಗುಮಾಸ್ತನೂ ನೋಟರಿಯಾಗಬಹುದು. ಆದರೆ 2005ರಿಂದ 6 ಗಂಟೆಯ ಪಾಠ ಕಡ್ಡಾಯ, ಪರೀಕ್ಷೆಯಂತೂ ಇದ್ದೇ ಇದೆ. 4 ವರ್ಷದ ಅವಧಿ ಮುಗಿದು ನವೀಕರಿಸುವಾಗ ಪುನಃ 3 ಗಂಟೆಯ ಪಾಠ, ಪುನಃ ಪರೀಕ್ಷೆ. ನಮ್ಮಲ್ಲಿ ಹೊಸ್ತಿಲು ಎತ್ತರ, ಒಳಹೊಕ್ಕ ಮೇಲೆ ಪಾಠವಿಲ್ಲ. 5 ವರ್ಷಕ್ಕೊಮ್ಮೆ ಅರ್ಜಿ, ಶುಲ್ಕ. ಹೊಸದಾಗಿ ಏನು ಕಲಿತಿರೆಂದು ಕೇಳುವ ನಿಯಮವಿಲ್ಲ.

ಇದರಿಂದ ನಮಗೇನು ಎನ್ನುತ್ತೀರೋ? ನಮ್ಮವರೊಬ್ಬರು ಇಪ್ಪತ್ತು ವರ್ಷ ಹೋಟೆಲಿನಲ್ಲಿ ದುಡಿದು ಕೂಡಿಟ್ಟ ಹಣದಿಂದ ಒಂದು ಖೋಲಿ ಕೊಂಡರು. ಕೊಂಡದ್ದು ನೋಟರಿಯ ಮೊಹರಿದ್ದ ಮುಖ್ತ್ಯಾರ ಪತ್ರದ ಮೇಲೆ. ಮಾರಿದಾತ ತೀರಿಹೋದ, ಅವನ ಮಕ್ಕಳು ಬಂದು ಖೋಲಿ ನಮ್ಮದೆಂದರು. ಮೊಹರು ತೋರಿಸಿದರೆ ವಕೀಲರು ತಲೆಯಲ್ಲಾಡಿಸಿದರು. 100 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಕ್ರಯಕ್ಕೆ ನೋಂದಣಿ ಬೇಕು. ಮುಖ್ತ್ಯಾರ ಪತ್ರದಿಂದ ಒಡೆತನ ಬಾರದೆಂದು 2011ರಲ್ಲಿ ಸುಪ್ರೀಂ ಕೋರ್ಟು ಕೂಡ ಸ್ಪಷ್ಟವಾಗಿ ಹೇಳಿದೆ. ಸಹಿ ಹಾಕಿಸಿದ ದಿನ ಮೇಜಿನ ಆಚೆಯಿಂದ ಯಾರಾದರೂ ಇಷ್ಟು ಹೇಳಿದ್ದರೆ! ನೋಟರಿಗಳೆಲ್ಲ ಹೀಗೆಂದು ನಾವು ಹೇಳುವುದಿಲ್ಲ. ಬಿಸಿಲಲ್ಲಿ ಕುಳಿತು ಬಡವನ ಅರ್ಜಿಯನ್ನು ತಾಳ್ಮೆಯಿಂದ ಓದಿಹೇಳುವವರನ್ನೂ ಕಂಡಿದ್ದೇವೆ. ಆದರೆ ಒಬ್ಬರ ಸಜ್ಜನಿಕೆಯನ್ನು ನಂಬಿ ಜೀವಮಾನದ ಗಳಿಕೆ ಇಡಲಾದೀತೆ? ನವೀಕರಣಕ್ಕೆ ಮುಂಚೆ ನಾಲ್ಕು ದಿನದ ಪಾಠವಿರಲಿ ಎಂದು ಸರಕಾರವನ್ನು ಕೇಳುವುದು ನಮ್ಮ ಹಕ್ಕು.

ಬಾಡಿಗೆ ಖೋಲಿಯವರೂ ಕೇಳಿರಿ. ಮಹಾರಾಷ್ಟ್ರದ 1999ರ ಬಾಡಿಗೆ ಕಾಯಿದೆಯಂತೆ ಕರಾರು ಬರಹದಲ್ಲಿದ್ದು ನೋಂದಣಿಯಾಗಬೇಕು. ಅದು ಮಾಲಕನ ಹೊಣೆ. ಆಗದಿದ್ದರೆ, ಬೇರೆ ರುಜುವಾತಾಗುವ ತನಕ ಷರತ್ತುಗಳ ಬಗ್ಗೆ ಬಾಡಿಗೆದಾರನ ಮಾತೇ ನಿಲ್ಲುತ್ತದೆ. ಬರೀ ಮೊಹರು ಒತ್ತಿಸಿ "ಆಯಿತು, ಹೋಗು" ಎಂದರೆ ಸುಮ್ಮನಿರಬೇಡಿ.

ಇನ್ನು ನೋಟರಿಯ ಬಳಿ ಹೋದಾಗ ದರದ ಪಟ್ಟಿ ಎಲ್ಲಿದೆ ನೋಡಿರಿ. ಅದನ್ನು ಕಾಣುವಂತೆ ಹಾಕಬೇಕೆಂದು ನಿಯಮವೇ ಇದೆ. ಕೊಟ್ಟ ಹಣಕ್ಕೆ ರಶೀದಿ ಕೇಳಿರಿ. ಖಾಲಿ ಕಾಗದಕ್ಕೆ, ಓದಿಹೇಳದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಬರುವ ತಿಂಗಳ ಸಭೆಗೆ ನಿಮ್ಮ ನಿಮ್ಮ ಖೋಲಿಯ ಕಾಗದ ತನ್ನಿರಿ, ಪೆಟ್ಟಿಗೆಯ ತಳದಲ್ಲಿದ್ದರೂ ಸರಿ. ಒಟ್ಟಿಗೆ ಕುಳಿತು ಓದೋಣ.